ಬೇಡದ ಕೀ, ಹಠ ಹಿಡಿದ ಕೀ: ಕೀಬೋರ್ಡ್ ಬದಲಿಸುವ ಮೊದಲು ನೋಡಬೇಕಾದ್ದು

ಜೂನ್‌ನಲ್ಲಿ ಮಳೆ ಹಿಡಿದರೆ ಕೊಡಗಿನಲ್ಲಿ ಕೀಬೋರ್ಡುಗಳಿಗೂ ಕಾಯಿಲೆ ಶುರು. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಹೊತ್ತಿಗೆ ಬೀರುವಿನೊಳಗಿನ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ, ಇನ್ನು ಕಿಟಕಿ ಪಕ್ಕದ ಮೇಜಿನ ಮೇಲಿರುವ ಕೀಬೋರ್ಡ್‌ನ ಕತೆ ಕೇಳಬೇಕಾ? ಆದರೂ ನಮ್ಮ ಡಿಟಿಪಿ ಅಂಗಡಿಗೆ "ಕೀಬೋರ್ಡ್ ಹೋಯ್ತು" ಅಂತ ಬರುವವರಲ್ಲಿ ಎಷ್ಟೋ ಜನರ ಕೀಬೋರ್ಡ್ ಹೋಗಿರುವುದೇ ಇಲ್ಲ. ಕೈ ತಪ್ಪಿ ಯಾವುದೋ ಕೀ ಒತ್ತಿ, ಏನೋ ಒಂದು ಆನ್ ಆಗಿರುತ್ತದೆ, ಅಷ್ಟೇ.

ಕೀ ಚೆನ್ನಾಗಿಯೇ ಇದೆ, ಆದರೆ ನಮಗೆ ಬೇಡ ಅನ್ನುವುದು ಒಂದು ತೊಂದರೆ. ಕೀಯೇ ಕೆಟ್ಟಿರುವುದು ಇನ್ನೊಂದು. ಮೊದಲನೆಯದಕ್ಕೆ ಆ ಕೀಯನ್ನು ಬಂದ್ ಮಾಡುವುದು ಅಥವಾ ಅದಕ್ಕೆ ಬೇರೆ ಕೆಲಸ ಕೊಡುವುದು ಪೂರ್ತಿ ಮದ್ದು. ಎರಡನೆಯದಕ್ಕೆ ಅದೇ ಉಪಾಯ ಸೋರುವ ಸೂರಿನ ಕೆಳಗೆ ಪಾತ್ರೆ ಇಟ್ಟ ಹಾಗೆ. ಹಾಗಾಗಿ ತೊಂದರೆ ಯಾವ ಜಾತಿಯದು ಅಂತ ಮೊದಲು ತಿಳಿಯಬೇಕು. ಇಲ್ಲಿ ಹೇಳಿರುವುದು ಹೆಚ್ಚಾಗಿ ವಿಂಡೋಸ್ 11ಕ್ಕೆ. ವಿಂಡೋಸ್ 10ರಲ್ಲಿ ಮೆನು ಹೆಸರುಗಳು ಸ್ವಲ್ಪ ಬೇರೆ, ಕೆಲಸ ಒಂದೇ.

ಖರ್ಚಿಲ್ಲದ ಮೂರು ಪರೀಕ್ಷೆ

ವಿಂಡೋಸ್ ಕೀ, ಕಂಟ್ರೋಲ್, ಓ ಮೂರನ್ನೂ ಒಟ್ಟಿಗೆ ಒತ್ತಿ. ಪರದೆ ಮೇಲೆ ಒಂದು ಕೀಬೋರ್ಡ್ ಬರುತ್ತದೆ. ಈಗ ನಿಜವಾದ ಕೀ ಒಂದೊಂದೇ ಒತ್ತಿ ನೋಡಿ. ನೀವು ಒತ್ತಿದ ಕೀ ಪರದೆಯಲ್ಲೂ ಬಣ್ಣ ಬದಲಿಸಿದರೆ ಅದರ ಸುದ್ದಿ ಕಂಪ್ಯೂಟರಿಗೆ ತಲುಪುತ್ತಿದೆ ಅಂತ ಅರ್ಥ. ನೀವು ಮುಟ್ಟದೇ ಇದ್ದರೂ ಯಾವುದಾದರೂ ಕೀ ಬಣ್ಣ ಬದಲಿಸಿಕೊಂಡೇ ಕೂತಿದ್ದರೆ ಕಳ್ಳ ಅದೇ.

ಎರಡನೆಯದು, ಬೇರೆ ಯುಎಸ್‌ಬಿ ಕೀಬೋರ್ಡ್ ಚುಚ್ಚಿ ನೋಡುವುದು. ಪಕ್ಕದ ಮನೆಯಿಂದ ಅರ್ಧ ಗಂಟೆಗೆ ಕೇಳಿ ತಂದರೂ ಆಯಿತು. ಅದರಲ್ಲೂ ಇದೇ ತೊಂದರೆ ಬಂದರೆ ಸೆಟ್ಟಿಂಗ್ ಮೇಲೆ ಅನುಮಾನ ಪಡಿ.

ಮೂರನೆಯದು ಬಯೋಸ್ ಪರೀಕ್ಷೆ. ಕಂಪ್ಯೂಟರ್ ಆನ್ ಆಗುವಾಗಲೇ ಎಫ್2, ಎಫ್10 ಅಥವಾ ಡಿಲೀಟ್ ಒತ್ತುತ್ತಾ ಇದ್ದರೆ ಬಯೋಸ್ ಅನ್ನುವ ಸೆಟಪ್ ಪರದೆ ಬರುತ್ತದೆ. ಯಾವ ಕೀ ಅನ್ನುವುದು ಕಂಪನಿ ಮೇಲೆ ಹೋಗುತ್ತದೆ. ಅಲ್ಲಿ ವಿಂಡೋಸ್ ಇನ್ನೂ ಎದ್ದಿರುವುದಿಲ್ಲ. ಅಲ್ಲಿಯೂ ಮೆನು ತಾನೇ ಕೆಳಗೆ ಓಡುತ್ತಿದ್ದರೆ ದೋಷ ಕೀಬೋರ್ಡಿನ ಒಳಗೇ ಇದೆ. ನೋಡಿ ಸುಮ್ನೆ ಹೊರಗೆ ಬನ್ನಿ, ಅಲ್ಲಿ ಏನನ್ನೂ ಬದಲಿಸಬೇಡಿ.

ಅಕ್ಷರ ಒತ್ತಿದರೆ ಅಂಕಿ ಬರುತ್ತಿದೆ

ಚಿಕ್ಕ ಲ್ಯಾಪ್‌ಟಾಪಿನಲ್ಲಿ ಜೆ, ಕೆ, ಎಲ್ ಒತ್ತಿದರೆ 1, 2, 3 ಬರುತ್ತದೆ. ಯು, ಐ, ಓ ಒತ್ತಿದರೆ 4, 5, 6. ಇದು ನಮ್ ಲಾಕ್ (Num Lock) ಕೀಯ ಕೆಲಸ. ಎಫ್‌ಎನ್ (Fn) ಕೀ ಹಿಡಿದು ನಮ್ ಲಾಕ್ ಒತ್ತಿ, ಮುಗಿಯಿತು. ಕೆಲವು ಹಳೆಯ ಲ್ಯಾಪ್‌ಟಾಪುಗಳಲ್ಲಿ ಹೊರಗಿನ ಕೀಬೋರ್ಡಿನಲ್ಲಿ ನಮ್ ಲಾಕ್ ಹಾಕಿದರೂ ಒಳಗಿನದು ಹೀಗೆ ಆಡುತ್ತದೆ.

@ ಒತ್ತಿದರೆ " ಬರುತ್ತಿದೆ

ಮೇಲ್ ಐಡಿ ಟೈಪ್ ಮಾಡಲು ಆಗುತ್ತಿಲ್ಲ ಅಂತ ಹೋಂಸ್ಟೇಯವರು ಫೋನ್ ಮಾಡುವುದು ಹೆಚ್ಚಾಗಿ ಇದಕ್ಕೇ. 2ರ ಮೇಲಿನ @ ಜಾಗದಲ್ಲಿ ಉದ್ಧರಣ ಚಿಹ್ನೆ ಬರುತ್ತದೆ, 3ರ ಮೇಲೆ # ಬದಲು £ ಬರುತ್ತದೆ. ಕಂಪ್ಯೂಟರ್ ಬ್ರಿಟನ್ನಿನ ಲೇಔಟಿಗೆ (ಯಾವ ಕೀಗೆ ಯಾವ ಅಕ್ಷರ ಅನ್ನುವ ಜೋಡಣೆ) ಹೋಗಿದೆ, ಕೀಬೋರ್ಡಿನದು ಏನೂ ತಪ್ಪಿಲ್ಲ. ವಿಂಡೋಸ್ ಕೀ ಹಿಡಿದು ಸ್ಪೇಸ್ ಒತ್ತಿದರೆ ಲೇಔಟುಗಳ ಪಟ್ಟಿ ಬರುತ್ತದೆ. ಇಂಗ್ಲಿಷ್ ಟೈಪ್ ಮಾಡಿದ್ದು ಇದ್ದಕ್ಕಿದ್ದಂತೆ ಕನ್ನಡದಲ್ಲಿ ಬಂದರೂ ಇದೇ ಜಾಗದಲ್ಲಿ ನೋಡಿ. ಬೇಡದ ಲೇಔಟನ್ನು ಸೆಟ್ಟಿಂಗ್ಸ್‌ನ ಟೈಮ್ ಆಂಡ್ ಲ್ಯಾಂಗ್ವೇಜ್ ಒಳಗೆ ಹೋಗಿ ತೆಗೆದುಬಿಡಿ, ಮತ್ತೆ ಕೈತಪ್ಪಿ ಬದಲಾಗುವುದಿಲ್ಲ. ಇಂಗ್ಲಿಷ್ ಇಂಡಿಯಾ ಲೇಔಟ್ ಉಳಿಸಿಕೊಳ್ಳಿ. ಅದರಲ್ಲಿ ಬಲಗಡೆಯ ಆಲ್ಟ್ ಹಿಡಿದು 4 ಒತ್ತಿದರೆ ₹ ಬರುತ್ತದೆ. ಲೆಕ್ಕ ಬರೆಯುವವರಿಗೆ ಇದು ದಿನವೂ ಬೇಕು.

ಕೀ ಒತ್ತಿದರೂ ತಡವಾಗಿ ಬರುತ್ತದೆ, ಅಥವಾ ಬರುವುದೇ ಇಲ್ಲ

ಎಲ್ಲ ಕೀಗಳೂ ಒಟ್ಟಿಗೆ ಮಂದವಾದರೆ ಮಳೆಯನ್ನು ಬೈಯುವ ಮೊದಲು ಫಿಲ್ಟರ್ ಕೀಸ್ ನೋಡಿ. ಬಲಗಡೆಯ ಶಿಫ್ಟ್ ಕೀಯನ್ನು 8 ಸೆಕೆಂಡ್ ಒತ್ತಿ ಹಿಡಿದರೆ ಇದನ್ನು ಆನ್ ಮಾಡಲಾ ಅಂತ ಕಂಪ್ಯೂಟರ್ ಕೇಳುತ್ತದೆ. ಓದದೇ ಎಂಟರ್ ಒತ್ತಿದರೆ ಅದು ಆನ್ ಆಗಿಬಿಡುತ್ತದೆ. ಆಮೇಲೆ ಕೀಯನ್ನು ಸ್ವಲ್ಪ ಹೊತ್ತು ಅದುಮಿ ಹಿಡಿದರೆ ಮಾತ್ರ ಅಕ್ಷರ ಬರುತ್ತದೆ. ಶಿಫ್ಟನ್ನು 5 ಸಲ ಒತ್ತಿದರೆ ಬರುವುದು ಸ್ಟಿಕಿ ಕೀಸ್. ಅದು ಆನ್ ಆದರೆ ಕಂಟ್ರೋಲ್, ಶಿಫ್ಟ್ ಒತ್ತಿ ಬಿಟ್ಟ ಮೇಲೂ ಒತ್ತಿದ ಹಾಗೆಯೇ ಇರುತ್ತವೆ.

ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ, ಕೀಬೋರ್ಡ್ ಅಂತ ಹೋಗಿ ಎರಡನ್ನೂ ಆಫ್ ಮಾಡಿ. ಅಲ್ಲೇ ಇವುಗಳ ಶಾರ್ಟ್‌ಕಟ್ಟನ್ನೂ ಆಫ್ ಮಾಡುವ ಜಾಗ ಇದೆ. ಅದನ್ನು ಬಿಟ್ಟರೆ ಮಕ್ಕಳು ಗೇಮ್ ಆಡಿದ ಮರುದಿನ ಅದೇ ರಗಳೆ. ಕೈ ನಡುಗುವವರಿಗೆ, ಒಂದೇ ಕೈಯಲ್ಲಿ ಟೈಪ್ ಮಾಡುವವರಿಗೆ ಈ ಸೌಲಭ್ಯ ನಿಜವಾಗಿಯೂ ಬೇಕಾಗುತ್ತದೆ. ಮನೆಯಲ್ಲಿ ಅಂಥವರು ಇದ್ದರೆ ಕೇಳಿಯೇ ತೆಗೆಯಿರಿ.

ಮಧ್ಯದಲ್ಲಿ ಟೈಪ್ ಮಾಡಿದರೆ ಮುಂದಿನ ಅಕ್ಷರ ಅಳಿಸಿಹೋಗುತ್ತದೆ

ಕೈತಪ್ಪಿ ಇನ್ಸರ್ಟ್ ಕೀ ಒತ್ತಿಹೋಗಿದೆ. ಇನ್ನೊಮ್ಮೆ ಒತ್ತಿದರೆ ಸರಿ. ಬ್ಯಾಕ್‌ಸ್ಪೇಸ್ ಪಕ್ಕದಲ್ಲೇ ಕೂತಿರುವ ಈ ಕೀಯಿಂದ ಉಪಕಾರ ಆದವರನ್ನು ನಾನು ಕಂಡಿಲ್ಲ. ಬಂದ್ ಮಾಡಬೇಕಾದ ಕೀಗಳ ಪಟ್ಟಿಯಲ್ಲಿ ಇದಕ್ಕೆ ಮೇಲಿನ ಸ್ಥಾನ.

ಎಕ್ಸೆಲ್‌ನಲ್ಲಿ ಬಾಣದ ಕೀ ಒತ್ತಿದರೆ ಇಡೀ ಶೀಟ್ ಓಡುತ್ತದೆ

"ಅಣ್ಣ, ಚೆಕ್‌ರೋಲ್ ಬರೆಯೋಕೆ ಆಗ್ತಿಲ್ಲ. ನಾನು ನಿಂತಲ್ಲೇ ನಿಂತಿದ್ದೀನಿ, ಶೀಟ್ ಮಾತ್ರ ಓಡ್ತಿದೆ" ಅಂದರು ಒಬ್ಬ ಎಸ್ಟೇಟ್ ರೈಟರು. ಆಳುಗಳ ಹಾಜರಿ ತುಂಬುವಾಗ ಶೀಟಿನ ಒಂದು ಮನೆಯಿಂದ (ಸೆಲ್) ಪಕ್ಕದ ಮನೆಗೆ ಹೋಗಲು ಬಾಣವೇ ದಾರಿ, ಅದೇ ಕೈಕೊಟ್ಟರೆ ಕೆಲಸ ನಿಂತ ಹಾಗೆಯೇ. "ಮೊದಲು ಏನಾದರೂ ಕನ್ನಡದಲ್ಲಿ ಟೈಪ್ ಮಾಡಿದ್ರಾ?" ಅಂತ ಕೇಳಿದೆ. "ಹೌದು, ಹೆಸರುಗಳನ್ನೆಲ್ಲ ನುಡಿಯಲ್ಲಿ ಹಾಕಿದೆ" ಅಂದರು.

ಅಲ್ಲೇ ಇತ್ತು ಉತ್ತರ. ನುಡಿ ಅಂದರೆ ಕನ್ನಡ ಟೈಪ್ ಮಾಡುವ ತಂತ್ರಾಂಶ. ನುಡಿಯಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ಬದಲಿಸುವುದು ಸ್ಕ್ರಾಲ್ ಲಾಕ್ ಕೀಯಿಂದ. ಎಕ್ಸೆಲ್‌ಗೆ ಅದೇ ಸ್ಕ್ರಾಲ್ ಲಾಕ್ ಅಂದರೆ "ಬಾಣ ಒತ್ತಿದಾಗ ಮನೆ ಬದಲಿಸಬೇಡ, ಶೀಟ್ ಸರಿಸು" ಅಂತ ಅರ್ಥ. ಎರಡೂ ತಮ್ಮ ತಮ್ಮ ಕೆಲಸ ಸರಿಯಾಗಿಯೇ ಮಾಡುತ್ತಿವೆ, ಮಧ್ಯದಲ್ಲಿ ಸಿಕ್ಕಿಕೊಂಡವರು ರೈಟರು. ಎಕ್ಸೆಲ್ ಕಿಟಕಿಯ ಕೆಳಗಿನ ಪಟ್ಟಿಯಲ್ಲಿ ಸ್ಕ್ರಾಲ್ ಲಾಕ್ ಅಂತ ಬಂದಿದ್ದರೆ ಇದೇ ಕಾರಣ. ಒಮ್ಮೆ ಒತ್ತಿದರೆ ಹೋಗುತ್ತದೆ.

ಈಗಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಸ್ಕ್ರಾಲ್ ಲಾಕ್ ಕೀಯೇ ಇಲ್ಲ. ಆಗ ಪರದೆ ಮೇಲಿನ ಕೀಬೋರ್ಡ್ ತೆರೆಯಿರಿ, ಅದರಲ್ಲಿ ಬಲಗಡೆ ಈ ಕೀ ಇದೆ, ಮೌಸಿನಿಂದ ಒತ್ತಿ. ದಿನವೂ ನುಡಿಯಲ್ಲಿ ಕೆಲಸ ಮಾಡುವವರಾದರೆ ನೀವು ಮುಟ್ಟದ ಯಾವುದಾದರೂ ಕೀಗೆ, ಉದಾಹರಣೆಗೆ ಬಲಗಡೆಯ ಕಂಟ್ರೋಲಿಗೆ, ಸ್ಕ್ರಾಲ್ ಲಾಕ್ ಕೆಲಸ ಕೊಟ್ಟುಬಿಡಿ. ಹೇಗೆ ಅಂತ ಮುಂದೆ ಹೇಳಿದ್ದೇನೆ. ಆದರೆ ಅಂಗಡಿ, ಪಂಚಾಯಿತಿ ಕಚೇರಿಯಂಥ ಕಡೆ "ಈ ಕೀ ಯಾರಿಗೂ ಬೇಡ" ಅಂತ ಸ್ಕ್ರಾಲ್ ಲಾಕನ್ನು ಬಂದ್ ಮಾಡಬೇಡಿ. ಮಾರನೇ ದಿನ ಕನ್ನಡ ಟೈಪ್ ಮಾಡುವವರು ಬಂದು ಜಗಳಕ್ಕೆ ನಿಲ್ಲುತ್ತಾರೆ.

ಲ ಒತ್ತಿದರೆ ಳ, ನ ಒತ್ತಿದರೆ ಣ

ಕ್ಯಾಪ್ಸ್ ಲಾಕ್. ಇಂಗ್ಲಿಷಿನಲ್ಲಾದರೆ ದೊಡ್ಡಕ್ಷರ ಬಂತು ಅಂತ ತಕ್ಷಣ ಗೊತ್ತಾಗುತ್ತದೆ. ಕನ್ನಡದಲ್ಲಿ ಲಕಾರ ಳಕಾರವಾಗಿ, ಕ ಹೋಗಿ ಖ ಆಗಿ ಒಂದು ಸಾಲು ಮುಗಿದಮೇಲೆ ಕಣ್ಣಿಗೆ ಬೀಳುತ್ತದೆ. ಪಾಸ್‌ವರ್ಡ್ ಹಾಕುವಾಗಲಂತೂ ಗೊತ್ತೇ ಆಗುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ ಕನ್ನಡ ಟೈಪ್ ಮಾಡುವವರು ಈ ಕೀಯನ್ನು ಪೂರ್ತಿ ಬಂದ್ ಮಾಡಬಹುದು. ಶಿಫ್ಟ್ ಇದ್ದೇ ಇದೆಯಲ್ಲ.

ಟೈಪ್ ಮಾಡುತ್ತಿದ್ದಂತೆ ಕಂಪ್ಯೂಟರ್ ಮಲಗಿಬಿಡುತ್ತದೆ

ಕೆಲವು ಕೀಬೋರ್ಡುಗಳಲ್ಲಿ ಬಾಣದ ಕೀಗಳ ಮೇಲುಗಡೆ ಪವರ್, ಸ್ಲೀಪ್, ವೇಕ್ ಅಂತ ಮೂರು ಕೀ ಇರುತ್ತವೆ. ಡಿಲೀಟ್ ಒತ್ತಲು ಹೋದ ಬೆರಳು ಅಲ್ಲಿ ತಾಗುತ್ತದೆ. ಇದಕ್ಕೆ ಯಾವ ತಂತ್ರಾಂಶವೂ ಬೇಡ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ, ಪವರ್ ಬಟನ್ ಏನು ಮಾಡಬೇಕು ಅನ್ನುವ ಕಡೆ ಸ್ಲೀಪ್ ಬಟನ್ನಿಗೆ "ಏನೂ ಮಾಡಬೇಡ" ಅನ್ನುವ ಆಯ್ಕೆ ಕೊಡಿ. ಪವರ್ ಬಟನ್ನಿಗೂ ಹಾಗೇ ಕೊಟ್ಟರೆ ಕಂಪ್ಯೂಟರಿನ ಮೇಲಿರುವ ಬಟನ್ ಕೂಡ ಸುಮ್ಮನಾಗುತ್ತದೆ, ಅದು ನೆನಪಿರಲಿ.

ಎಫ್1, ಎಫ್2 ಥರದ ಕೀ ಒತ್ತಿದರೆ ಸೌಂಡ್ ಜಾಸ್ತಿ ಆಗುತ್ತದೆ. ಹೊಸ ಕೀ ಒತ್ತಿದರೆ ಕೋಪೈಲಟ್ ಬರುತ್ತದೆ

ಎಫ್‌ಎನ್ ಹಿಡಿದು ಎಸ್ಕೇಪ್ ಒತ್ತಿ ನೋಡಿ, ತುಂಬಾ ಲ್ಯಾಪ್‌ಟಾಪುಗಳಲ್ಲಿ ಎಫ್1, ಎಫ್2 ಹಳೆಯ ಹಾಗೆ ಕೆಲಸ ಮಾಡುತ್ತವೆ. ಆಗದಿದ್ದರೆ ಬಯೋಸ್‌ನಲ್ಲಿ ಆಯ್ಕೆ ಇರುತ್ತದೆ. ಎಫ್‌ಎನ್ ಕೀಯ ಕೆಲಸವನ್ನೇ ಬದಲಿಸಲು ಹೋಗಬೇಡಿ. ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ಆ ಕೀಯ ಸುದ್ದಿ ವಿಂಡೋಸ್‌ವರೆಗೆ ಬರುವುದೇ ಇಲ್ಲ.

ಕೋಪೈಲಟ್ ಅಂದರೆ ಮೈಕ್ರೋಸಾಫ್ಟಿನ ಎಐ ಸಹಾಯಕ, ಅದನ್ನು ತೆರೆಯುವ ಕೀಯನ್ನು ಮೈಕ್ರೋಸಾಫ್ಟ್ 2024ರ ಜನವರಿಯಲ್ಲಿ ಘೋಷಿಸಿತು. ಬಲಗಡೆಯ ಕಂಟ್ರೋಲ್ ಅಥವಾ ಮೆನು ಕೀಯ ಜಾಗದಲ್ಲಿ ಅದು ಬಂದು ಕೂತಿದೆ. ಅದು ಒಂದೇ ಕೀಯಂತೆ ಕಂಡರೂ ಒಳಗೆ ಕಳಿಸುವುದು ವಿಂಡೋಸ್, ಶಿಫ್ಟ್, ಎಫ್23 ಮೂರನ್ನೂ ಒಟ್ಟಿಗೆ. ಆದ್ದರಿಂದ ಒಂದು ಕೀಗೆ ಇನ್ನೊಂದು ಕೀ ಅಂತ ಬದಲಿಸುವ ಸರಳ ಸಾಧನಕ್ಕೆ ಇದು ಸುಲಭವಾಗಿ ಬಗ್ಗುವುದಿಲ್ಲ. ಸೆಟ್ಟಿಂಗ್ಸ್‌ನ ಪರ್ಸನಲೈಸೇಷನ್, ಟೆಕ್ಸ್ಟ್ ಇನ್‌ಪುಟ್ ಒಳಗೆ ನೋಡಿ, ಇದರಿಂದ ಬೇರೆ ಏನು ತೆರೆಯಬೇಕು ಅಂತ ಆರಿಸಬಹುದು.

ಕೀ ಬಂದ್ ಮಾಡುವುದು, ಬೇರೆ ಕೆಲಸ ಕೊಡುವುದು

ಎರಡು ದಾರಿ ಇದೆ, ಎರಡೂ ಉಚಿತ.

ಮೊದಲನೆಯದು ಮೈಕ್ರೋಸಾಫ್ಟಿನದೇ ಪವರ್‌ಟಾಯ್ಸ್. ಅದರಲ್ಲಿ ಕೀಬೋರ್ಡ್ ಮ್ಯಾನೇಜರ್ ಅಂತ ಇದೆ. ರೀಮ್ಯಾಪ್ ಎ ಕೀ ಒತ್ತಿ, ಎಡಗಡೆ ಬೇಡದ ಕೀ ಆರಿಸಿ, ಬಲಗಡೆ ಡಿಸೇಬಲ್ ಅಥವಾ ಬೇರೆ ಕೀ ಕೊಡಿ. ತಕ್ಷಣ ಬದಲಾಗುತ್ತದೆ. ಬೇಡ ಅನಿಸಿದರೆ ಪವರ್‌ಟಾಯ್ಸ್ ಮುಚ್ಚಿದರೆ ಸಾಕು, ಎಲ್ಲ ಮೊದಲಿನ ಹಾಗೆ. ಇದರ ಒಳ್ಳೆಯ ಗುಣವೂ ಅದೇ, ಕೊರತೆಯೂ ಅದೇ. ಪವರ್‌ಟಾಯ್ಸ್ ಓಡುತ್ತಿದ್ದರೆ ಮಾತ್ರ ಕೆಲಸ ಮಾಡುತ್ತದೆ, ಲಾಗಿನ್ ಪರದೆಯಲ್ಲಿ ಮಾಡುವುದಿಲ್ಲ.

ಎರಡನೆಯದು ಶಾರ್ಪ್‌ಕೀಸ್ ಅನ್ನುವ ಪುಟ್ಟ ತಂತ್ರಾಂಶ. ಆಡ್ ಒತ್ತಿ, ಎಡಪಟ್ಟಿಯಲ್ಲಿ ಬೇಡದ ಕೀ, ಬಲಪಟ್ಟಿಯ ತಲೆಯಲ್ಲೇ ಇರುವ ಟರ್ನ್ ಕೀ ಆಫ್ ಆರಿಸಿ, ರೈಟ್ ಟು ರಿಜಿಸ್ಟ್ರಿ ಒತ್ತಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಇದು ವಿಂಡೋಸ್‌ನ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಡುವ ಜಾಗ) ಸ್ಕ್ಯಾನ್‌ಕೋಡ್ ಮ್ಯಾಪ್ ಅನ್ನುವ ಒಂದು ನಮೂದು ಬರೆಯುತ್ತದೆ, ಅಷ್ಟೇ. ಆಮೇಲೆ ಶಾರ್ಪ್‌ಕೀಸ್ ಓಡುತ್ತಿರಬೇಕಾಗಿಲ್ಲ. ಲಾಗಿನ್ ಪರದೆಯಲ್ಲೂ ನಡೆಯುತ್ತದೆ. ಇದಕ್ಕೆ ಅಡ್ಮಿನ್ ಅಧಿಕಾರ ಬೇಕು. ಹಾಗಾಗಿ ಬ್ಯಾಂಕ್, ಸೊಸೈಟಿ, ಸರ್ಕಾರಿ ಕಚೇರಿಯ ಕಂಪ್ಯೂಟರುಗಳಲ್ಲಿ ಅವರ ಸಿಸ್ಟಮ್ ನೋಡಿಕೊಳ್ಳುವವರನ್ನು ಕೇಳದೆ ಕೈ ಹಾಕಬೇಡಿ.

ಕೆಲವು ದಿನ ಪವರ್‌ಟಾಯ್ಸ್‌ನಲ್ಲಿ ಬಳಸಿ ನೋಡಿ, ಒಗ್ಗಿದರೆ ಶಾರ್ಪ್‌ಕೀಸ್‌ನಲ್ಲಿ ಕಾಯಂ ಮಾಡಿ. ಆದರೆ ಶಾರ್ಪ್‌ಕೀಸ್ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು: ಅದು ಒಂದು ಕೀಬೋರ್ಡಿಗೆ ಅಂತ ಇಲ್ಲ. ಆ ಕಂಪ್ಯೂಟರಿಗೆ ಚುಚ್ಚಿದ ಎಲ್ಲ ಕೀಬೋರ್ಡಿಗೂ, ಅದನ್ನು ಬಳಸುವ ಎಲ್ಲರಿಗೂ ಅನ್ವಯಿಸುತ್ತದೆ. ಲ್ಯಾಪ್‌ಟಾಪಿನ ಕೆಟ್ಟ ಪಿ ಕೀಯನ್ನು ಬಂದ್ ಮಾಡಿದರೆ ಹೊರಗಿನ ಹೊಸ ಕೀಬೋರ್ಡಿನ ಪಿ ಕೂಡ ಸಾಯುತ್ತದೆ. ನಿಮ್ಮ ಪಾಸ್‌ವರ್ಡಿನಲ್ಲಿ ಆ ಅಕ್ಷರ ಇದ್ದರೆ ಬಾಗಿಲು ಹಾಕಿಕೊಂಡ ಹಾಗಾಗುತ್ತದೆ. ಮೊದಲು ಪಾಸ್‌ವರ್ಡ್ ನೋಡಿ, ಆಮೇಲೆ ಕೀ.

ಏನು ಬದಲಿಸಿದಿರಿ ಅಂತ ಒಂದು ಚೀಟಿ ಬರೆದು ಕೀಬೋರ್ಡಿನ ಬೆನ್ನಿಗೆ ಅಂಟಿಸಿ.

ಮ್ಯಾಕ್‌ನವರಿಗೆ ಕೀಬೋರ್ಡ್ ಸೆಟ್ಟಿಂಗಿನ ಮಾಡಿಫೈಯರ್ ಕೀಸ್‌ನಲ್ಲಿ ಕ್ಯಾಪ್ಸ್ ಲಾಕ್ ಬಂದ್ ಮಾಡುವ ಆಯ್ಕೆ ಇದೆ. ಲಿನಕ್ಸಿನ ಗ್ನೋಮ್ ಬಳಸುವವರಿಗೆ ಟ್ವೀಕ್ಸ್‌ನಲ್ಲಿ ಸಿಗುತ್ತದೆ.

ಮುಟ್ಟದಿದ್ದರೂ ಕೀ ತಾನೇ ಒತ್ತಿಕೊಳ್ಳುತ್ತದೆ

ಇಲ್ಲಿಂದ ಮುಂದೆ ಕೀಬೋರ್ಡಿನ ಮೈಯದೇ ಕಾಯಿಲೆ.

ಯಾವ ಕೀ ಅಂತ ಪರದೆ ನೋಡಿಯೇ ಹೇಳಬಹುದು. ಇ ಒತ್ತಿದರೆ ಫೈಲ್‌ಗಳ ಕಿಟಕಿ, ಡಿ ಒತ್ತಿದರೆ ಡೆಸ್ಕ್‌ಟಾಪ್, ಎಲ್ ಒತ್ತಿದರೆ ಲಾಕ್ ಆಗುತ್ತಿದ್ದರೆ ವಿಂಡೋಸ್ ಕೀ ಸಿಕ್ಕಿಕೊಂಡಿದೆ. ಮೌಸಿನ ಚಕ್ರ ತಿರುಗಿಸಿದಾಗ ಪುಟ ದೊಡ್ಡದು ಚಿಕ್ಕದು ಆಗುತ್ತಿದ್ದರೆ ಕಂಟ್ರೋಲ್. ಆ ಕೀಯನ್ನು ಕೆಲವು ಸಲ ಟಕಟಕ ಒತ್ತಿ ಬಿಡಿ, ಎಷ್ಟೋ ಸಲ ಅಷ್ಟಕ್ಕೇ ಬಿಡುತ್ತದೆ.

ಬೆಳಿಗ್ಗೆ ಹಠ, ಮಧ್ಯಾಹ್ನ ಸರಿ ಅನ್ನುವ ಲ್ಯಾಪ್‌ಟಾಪ್ ಆದರೆ ತೇವದ್ದೇ ಕೆಲಸ. ಯಂತ್ರ ಬಿಸಿಯಾದಂತೆ ಒಳಗೆ ಒಣಗಿ ಸರಿಹೋಗುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ಮುಚ್ಚಿಡುವ ಬದಲು ದಿನಕ್ಕೊಮ್ಮೆ ಸ್ವಲ್ಪ ಹೊತ್ತು ಆನ್ ಮಾಡಿ. ಬಳಸದ ಕೀಬೋರ್ಡನ್ನು ಮುಚ್ಚಳವಿರುವ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಅಕ್ಕಿಯಲ್ಲಿ ಹೂಳಬೇಡಿ, ಅದರ ಧೂಳೇ ಒಳಗೆ ಹೋಗುತ್ತದೆ. ಬಟ್ಟೆ ಒಣಗಿಸುವ ಹಾಗೆ ಒಲೆ ಮೇಲೆ ತೂಗುಹಾಕಿದ ಕೀಬೋರ್ಡನ್ನೂ ನಾನು ನೋಡಿದ್ದೇನೆ. ಒಣಗಿತ್ತು, ನಿಜ. ಸ್ಪೇಸ್ ಬಾರ್ ಬಾಳೆಕಾಯಿಯಂತೆ ಬಗ್ಗಿತ್ತು.

ಸ್ವಚ್ಛ ಮಾಡುವುದಾದರೆ ಯುಎಸ್‌ಬಿ ತೆಗೆದು, ಕೀಬೋರ್ಡನ್ನು ಬೋರಲು ಹಾಕಿ ಮೆಲ್ಲಗೆ ತಟ್ಟಿ. ಇರುವೆ, ಚಕ್ಕುಲಿ ಪುಡಿ, ಕೂದಲು, ಏನೇನೋ ಬೀಳುತ್ತದೆ. ಹೊರಗಿನ ಕೀಬೋರ್ಡಿನ ಕೀ ಟೋಪಿ ತೆಗೆಯುವ ಮೊದಲು ಫೋಟೋ ತೆಗೆದುಕೊಳ್ಳಿ. ಸ್ಪೇಸ್, ಎಂಟರ್, ಶಿಫ್ಟ್ ಕೆಳಗೆ ತಂತಿ ಇರುತ್ತದೆ, ಅವನ್ನು ಎಳೆಯಬೇಡಿ. ಲ್ಯಾಪ್‌ಟಾಪ್ ಕೀ ತೆಗೆಯಲೇಬೇಡಿ, ಕೆಳಗಿನ ಕತ್ತರಿಯಾಕಾರದ ಕ್ಲಿಪ್ಪು ಉಗುರಿನಷ್ಟು ತೆಳು, ಮುರಿದರೆ ಮತ್ತೆ ಕೂರುವುದಿಲ್ಲ. ಅಂಟು ಇದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ ಹಿಂಡಿದ ಹತ್ತಿಕಡ್ಡಿ ಸಾಕು. ಪೆಟ್ರೋಲ್, ಸೀಮೆಎಣ್ಣೆ ಬೇಡವೇ ಬೇಡ.

ಇಷ್ಟಾದರೂ ಬಿಡದಿದ್ದರೆ, ರಿಪೇರಿ ಆಗುವವರೆಗೆ ಶಾರ್ಪ್‌ಕೀಸ್‌ನಲ್ಲಿ ಆ ಒಂದು ಕೀ ಬಂದ್ ಮಾಡಿ ದಿನ ದೂಡಬಹುದು. ಕಂಟ್ರೋಲ್, ಶಿಫ್ಟ್, ವಿಂಡೋಸ್ ಕೀಗಳಿಗೆ ಇದು ಚೆನ್ನಾಗಿ ಹೊಂದುತ್ತದೆ. ಎಡ ಕಂಟ್ರೋಲ್ ಹೋದರೂ ಬಲಗಡೆಯದು ಉಳಿಯುತ್ತದೆ. ಕೀ ಪೂರ್ತಿ ಸತ್ತಿದ್ದರೆ ಉಲ್ಟಾ ಮಾಡಿ: ಬಳಸದ ಮೆನು ಕೀಗೋ ಕ್ಯಾಪ್ಸ್ ಲಾಕಿಗೋ ಆ ಅಕ್ಷರ ಕೊಡಿ.

ಹತ್ತಾರು ಕೀ ಒಟ್ಟಿಗೆ ಸತ್ತಿವೆ

ಸಾಧಾರಣ ಕೀಬೋರ್ಡಿನ ಹೊಟ್ಟೆಯಲ್ಲಿ ಮೂರು ಪ್ಲಾಸ್ಟಿಕ್ ಹಾಳೆ ಇರುತ್ತವೆ. ಮೇಲಿನದಕ್ಕೂ ಕೆಳಗಿನದಕ್ಕೂ ಸಣ್ಣ ಗೆರೆಗಳು ಅಚ್ಚಾಗಿರುತ್ತವೆ, ನಡುವಿನದಕ್ಕೆ ತೂತು. ಒಂದೊಂದು ಗೆರೆ ಹಲವು ಕೀಗಳಿಗೆ ಹೋಗುತ್ತದೆ. ನೀರು ಒಳಗೆ ಸೇರಿ ಒಂದು ಗೆರೆ ಕಪ್ಪಾಗಿ ಕಡಿದುಹೋದರೆ ಆ ಗೆರೆಯ ಕೀಗಳೆಲ್ಲ ಒಟ್ಟಿಗೆ ಹೋಗುತ್ತವೆ, ಅವು ಅಕ್ಕಪಕ್ಕ ಇರಬೇಕು ಅಂತ ಇಲ್ಲ. ಈ ಲಕ್ಷಣ ಕಂಡರೆ ಸೆಟ್ಟಿಂಗ್ ಹುಡುಕುತ್ತಾ ಕೂರಬೇಡಿ. ಹೊರಗಿನದಾದರೆ ಹೊಸದು ತನ್ನಿ. ಲ್ಯಾಪ್‌ಟಾಪ್ ಆದರೆ ರಿಪೇರಿಗೆ ಕೊಡಿ.

ಇಲ್ಲಿ ನಿಲ್ಲಿಸಿ

ಲ್ಯಾಪ್‌ಟಾಪಿನ ಕೀಗಳು ನಡುವಿನಲ್ಲಿ ಉಬ್ಬಿದಂತೆ ಕಂಡರೆ, ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಮುಚ್ಚಳ ಸರಿಯಾಗಿ ಕೂರದಿದ್ದರೆ ಕೆಳಗಿನ ಬ್ಯಾಟರಿ ಊದಿಕೊಂಡಿರಬಹುದು. ಕೀ ತಾನೇ ಒತ್ತಿಕೊಳ್ಳಲು ಇದೂ ಒಂದು ಕಾರಣ. ಚಾರ್ಜಿಗೆ ಹಾಕಬೇಡಿ. ಒತ್ತಿ ಸರಿಮಾಡಲು, ಚುಚ್ಚಲು ಹೋಗಬೇಡಿ, ಬೆಂಕಿ ಹೊತ್ತಿಕೊಳ್ಳುತ್ತದೆ. ಆಫ್ ಮಾಡಿ ನೇರ ಸರ್ವಿಸಿಗೆ ಒಯ್ಯಿರಿ.

ಲ್ಯಾಪ್‌ಟಾಪ್ ಮೇಲೆ ಏನಾದರೂ ಚೆಲ್ಲಿದರೆ ಫೈಲ್ ಸೇವ್ ಮಾಡಲು ನೋಡಬೇಡಿ. ಚಾರ್ಜರ್ ಕಿತ್ತು, ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಬ್ಯಾಟರಿ ತೆಗೆಯುವಂಥದ್ದಾದರೆ ತೆಗೆಯಿರಿ. ಬೋರಲು ಗುಡಾರದ ಹಾಗೆ ನಿಲ್ಲಿಸಿ. ನೀರಿಗಿಂತ ಬೆಲ್ಲದ ಕಾಪಿ ಕಷ್ಟ. ನೀರು ಆರುತ್ತದೆ, ಬೆಲ್ಲ ಒಳಗೇ ಅಂಟಿ ಉಳಿಯುತ್ತದೆ. ಆರಿದ ಹಾಗೆ ಕಂಡರೂ ಬಿಚ್ಚಿ ನೋಡಿಸದೆ ಆನ್ ಮಾಡಬೇಡಿ. ಸುಟ್ಟ ವಾಸನೆ ಬಂದಿದ್ದರೂ ಇದೇ ಮಾತು.

ರಿಪೇರಿಗೆ ಕೊಡುವ ಮೊದಲು ಕೀಬೋರ್ಡ್ ಮಾತ್ರ ಬದಲಿಸುತ್ತಾರಾ, ಮೇಲಿನ ಇಡೀ ಕವರ್ ಸೇರಿಸಿಯಾ ಅಂತ ಕೇಳಿ. ಈಗಿನ ಎಷ್ಟೋ ಮಾಡೆಲ್‌ಗಳಲ್ಲಿ ಕೀಬೋರ್ಡನ್ನು ಕವರಿಗೇ ಪ್ಲಾಸ್ಟಿಕ್ ಕರಗಿಸಿ ಕೂರಿಸಿರುತ್ತಾರೆ, ಖರ್ಚು ಅದರ ಮೇಲೆ ಹೋಗುತ್ತದೆ. ಯಂತ್ರ ಆನ್ ಆಗುವ ಸ್ಥಿತಿಯಲ್ಲಿದ್ದರೆ ಮಾತ್ರ ಲೆಕ್ಕದ ಫೈಲುಗಳನ್ನು ಬೇರೆ ಕಡೆ ಕಾಪಿ ಮಾಡಿಕೊಳ್ಳಿ, ಶಾರ್ಪ್‌ಕೀಸ್‌ನಲ್ಲಿ ಬಂದ್ ಮಾಡಿದ್ದನ್ನೆಲ್ಲ ಅಳಿಸಿ. ಇಲ್ಲದಿದ್ದರೆ ಮೆಕ್ಯಾನಿಕ್ ಹೊಸ ಕೀಬೋರ್ಡ್ ಹಾಕಿ ನೋಡುತ್ತಾರೆ, ಅದರಲ್ಲೂ ಪಿ ಬರುವುದಿಲ್ಲ, ಹೊಸದೇ ಕೆಟ್ಟಿದೆ ಅಂತ ವಾಪಸ್ ಕಳಿಸಿ ಇನ್ನೊಂದು ತರಿಸುತ್ತಾರೆ.